ಹಳೆಯ ಬಸ್ಸು ಮನೆಯಾಗಬಲ್ಲುದೆ? ಕೊಳ್ಳುವ ಮುನ್ನ ಹಾಕಬೇಕಾದ ಲೆಕ್ಕ

ಬಂಡಿಯಲ್ಲಿಯೇ ಉಂಡು, ಬಂಡಿಯಲ್ಲಿಯೇ ಮಲಗುವ ಪ್ರಯಾಣವು ನಮ್ಮ ತಾಳವಾಡಿ ಸೀಮೆಯವರಿಗೆ ಹೊಸದಲ್ಲ. ಮಾದಪ್ಪನ ಬೆಟ್ಟಕ್ಕೆ ಕಮಾನು ಕಟ್ಟಿದ ಎತ್ತಿನ ಗಾಡಿಗಳಲ್ಲಿ ಹೋಗುತ್ತಿದ್ದ ಹಿರಿಯರು ಅಕ್ಕಿ, ಬೇಳೆ, ಪಾತ್ರೆ, ಹಾಸಿಗೆಗಳನ್ನು ಹೇರಿಕೊಂಡು, ಹೊತ್ತು ಮುಳುಗಿದಲ್ಲಿ ಗಾಡಿ ಬಿಚ್ಚಿ, ಮೂರು ಕಲ್ಲು ಹೂಡಿ ಒಲೆ ಹಚ್ಚುತ್ತಿದ್ದರು. ಈಗ ಗಾಡಿಯ ಸ್ಥಾನಕ್ಕೆ ಟೆಂಪೊ ಬಂದಿದೆ, ಮಿನಿ ಲಾರಿ ಬಂದಿದೆ. ಪಾತ್ರೆ ಹಾಸಿಗೆಗಳು ಮಾತ್ರ ಹಾಗೆಯೇ ಉಳಿದಿವೆ.

ಈ ಹಿನ್ನೆಲೆಯಿರುವ ಜನರಿಗೆ, ಹಳೆಯ ಬಸ್ಸೊಂದನ್ನು ಅಗ್ಗಕ್ಕೆ ಕೊಂಡು ಒಳಗೆ ಮಂಚ, ಒಲೆ, ನೀರಿನ ತೊಟ್ಟಿಗಳನ್ನು ಕೂರಿಸಿ ಸಂಚಾರಿ ಮನೆ ಮಾಡಿಕೊಳ್ಳಬಾರದೇಕೆ ಎಂಬ ಯೋಚನೆ ಬರುವುದು ಸಹಜ. ಮೊಬೈಲಿನಲ್ಲಿ ಅಂಥ ದೃಶ್ಯಗಳನ್ನು ಕಂಡ ಯುವಕರು ತಿಗನಾರೆಯಲ್ಲೂ ಸುತ್ತಲಿನ ಊರುಗಳಲ್ಲೂ ಇದ್ದಾರೆ. ಕೆಲವು ಪೋಷಕರು ಈ ಬಗ್ಗೆ ನಮ್ಮನ್ನು ಕೇಳಿದ್ದೂ ಉಂಟು. ನಾಲ್ಕೈದು ಮನೆಯವರು ಸೇರಿ, ಚೀಟಿಯ ಹಣ ಎತ್ತಿ, ಒಂದು ಬಸ್ಸು ಕೊಂಡರೆ ಜಾತ್ರೆಗೂ ಆಯಿತು, ಬೇಸಿಗೆಯಲ್ಲಿ ಮಕ್ಕಳನ್ನು ಕರೆದೊಯ್ಯುವುದಕ್ಕೂ ಆಯಿತು, ಉಳಿದ ದಿನ ಬಾಡಿಗೆಗೆ ಬಿಟ್ಟರೂ ಆಯಿತು ಎಂಬುದು ಅವರ ಎಣಿಕೆ. ಆ ಚೀಟಿಯ ಹಣವೇ ಹತ್ತನೆಯ ತರಗತಿ ಮುಗಿಸಿದ ಮಗನೋ ಮಗಳೋ ಚಾಮರಾಜನಗರದಲ್ಲಿ ಮುಂದಕ್ಕೆ ಓದುವುದಕ್ಕೂ ಬೇಕಾಗಿರುವುದು. ಆದ್ದರಿಂದ ಈ ಪ್ರಶ್ನೆಯನ್ನು ಹವ್ಯಾಸದ ಮಾತೆಂದು ತಳ್ಳಿಹಾಕದೆ ಲೆಕ್ಕ ಹಾಕಿ ನೋಡಬೇಕೆಂದು ನಮಗೆ ತೋರಿತು.

ಮೊದಲೇ ಹೇಳಿಬಿಡುವುದು ಒಳ್ಳೆಯದು: ಬಸ್ಸಿನ ಬೆಲೆ ಈ ಕೆಲಸದ ಚಿಕ್ಕ ಭಾಗ. ನೀರು, ಶೌಚ, ತೂಕ, ಕಾಗದಪತ್ರ ಈ ನಾಲ್ಕರಲ್ಲಿ ಹಣ ಹೋಗುತ್ತದೆ. ಅದಕ್ಕೂ ಮೊದಲು ತೀರ್ಮಾನಿಸಬೇಕಾದ ವಿಷಯ ಒಂದಿದೆ. ಬಸ್ಸು ಓಡಬೇಕೋ, ಒಂದೆಡೆ ನಿಲ್ಲಬೇಕೋ?

ಎರಡು ಬಸ್ಸುಗಳ ಕಥೆ

ಇದಕ್ಕೆ ನಮ್ಮ ನೆರೆಯಲ್ಲೇ ಎರಡು ನಿದರ್ಶನಗಳಿವೆ. ಎರಡೂ 2020ರವು, ಎರಡೂ ಸರಕಾರಿ ಸಾರಿಗೆ ನಿಗಮಗಳವು.

ಮೊದಲನೆಯದು ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣದ್ದು. ಓಡಿ ಸವೆದ ಬಸ್ಸೊಂದನ್ನು ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮವು ಮಹಿಳೆಯರ ಶೌಚಾಲಯವಾಗಿ ಮಾರ್ಪಡಿಸಿ, ‘ಸ್ತ್ರೀ ಶೌಚಾಲಯ’ ಎಂಬ ಹೆಸರಿನಲ್ಲಿ ಆ ವರ್ಷದ ಆಗಸ್ಟ್ ತಿಂಗಳಲ್ಲಿ ತೆರೆಯಿತು. ಒಳಗೆ ಭಾರತೀಯ ಹಾಗೂ ಪಾಶ್ಚಾತ್ಯ ಮಾದರಿಯ ಶೌಚಗಳು, ಕೈತೊಳೆಯುವ ತೊಟ್ಟಿಗಳು, ಹಾಲೂಡಿಸುವ ತಾಯಂದಿರಿಗೆ ಮರೆಯ ಸ್ಥಳ, ಸೌರದೀಪ ಎಲ್ಲವೂ ಇದ್ದವು. ಬೆಂಗಳೂರು ವಿಮಾನ ನಿಲ್ದಾಣದ ಸಂಸ್ಥೆಯು ಭರಿಸಿದ ಅದರ ವೆಚ್ಚ ಸುಮಾರು 12 ಲಕ್ಷ ರೂಪಾಯಿ. ಬಸ್ಸು ನಿಗಮದ್ದೇ ಆಗಿದ್ದುದರಿಂದ ಈ ಮೊತ್ತವೆಲ್ಲ ಒಳಗಿನ ಕೆಲಸಕ್ಕೆ ಬಿದ್ದದ್ದೆಂದು ಭಾವಿಸಬಹುದು.

ಎರಡನೆಯದು ಮುನ್ನಾರಿನದು. ಕೇರಳದ ಸಾರಿಗೆ ನಿಗಮವು ಅದೇ ವರ್ಷದ ನವೆಂಬರ್ ತಿಂಗಳಲ್ಲಿ ತನ್ನ ಮುನ್ನಾರ್ ಡಿಪೋದಲ್ಲಿ ಹಳೆಯ ಬಸ್ಸುಗಳನ್ನು ನಿಲ್ಲಿಸಿ, ರೈಲಿನಲ್ಲಿರುವಂತೆ ಮೇಲೊಂದು ಕೆಳಗೊಂದು ಮಲಗುವ ಹಲಗೆಗಳನ್ನು ಜೋಡಿಸಿ, ಪ್ರವಾಸಿಗಳಿಗೆ ರಾತ್ರಿಯೊಂದಕ್ಕೆ ತಲಾ 100 ರೂಪಾಯಿಗೆ ಕೊಡತೊಡಗಿತು. ಒಂದು ಬಸ್ಸಿಗೆ 16 ಹಾಸಿಗೆ. ಬಸ್ಸಿನೊಳಗೆ ಶೌಚಾಲಯವಿಲ್ಲ, ಡಿಪೋದಲ್ಲಿದ್ದುದನ್ನೇ ಬಳಸಬೇಕು. ಬಸ್ಸು ಓಡುವುದೂ ಇಲ್ಲ. ಇಷ್ಟು ಕಡಮೆ ಬೆಲೆಗೆ ಮುನ್ನಾರಿನಂಥ ಊರಿನಲ್ಲಿ ತಂಗಲು ಸ್ಥಳ ಸಿಕ್ಕಿದ್ದರ ಗುಟ್ಟು ಇದೇ. ಅವರು ಬಸ್ಸಿನೊಳಕ್ಕೆ ನೀರನ್ನು ತರಲೇ ಇಲ್ಲ.

ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ನಮಗೆ ಬೇಕಾದ ಉತ್ತರದ ಅರ್ಧಭಾಗ ಸಿಕ್ಕಿಹೋಗುತ್ತದೆ. ಬಸ್ಸು ಮಲಗುವ ಕೋಣೆಯಾಗುವುದು ಸುಲಭ, ಬಚ್ಚಲಾಗುವುದು ಕಷ್ಟ. ನಲ್ಲಿ, ಕೊಳವೆ, ಸೋರಿಕೆ, ಹೊಲಸು ನೀರಿನ ತೊಟ್ಟಿ, ಅದನ್ನು ಖಾಲಿ ಮಾಡುವ ಸ್ಥಳ ಇವೆಲ್ಲ ಒಂದರ ಹಿಂದೊಂದು ಬರುತ್ತವೆ. ಕಡಮೆ ಹಣದಲ್ಲಿ ಕೆಲಸ ಆಗಬೇಕಾದರೆ ಶೌಚ ಮತ್ತು ಸ್ನಾನವನ್ನು ಬಸ್ಸಿನ ಹೊರಗೇ ಇಡತಕ್ಕದ್ದು. ನಮ್ಮ ಜಾತ್ರೆಯ ಗಾಡಿಗಳೂ ಮಾಡುತ್ತಿದ್ದುದು ಅದನ್ನೇ.

ಓಡುವ ಬಸ್ಸಾದರೆ

ಓಡುವ ಮನೆಯೇ ಬೇಕೆನ್ನುವವರು ಮೊದಲು ನೋಡಬೇಕಾದದ್ದು ಕಾನೂನನ್ನು. ಹರಾಜಿನಲ್ಲಿ ಸರಕಾರಿ ಬಸ್ಸು ಅಗ್ಗಕ್ಕೆ ಸಿಗುತ್ತದೆಂಬ ಮಾತು ನಮ್ಮಲ್ಲಿ ಬಹಳ ದಿನಗಳಿಂದ ಇದೆ. ಆದರೆ ಕೇಂದ್ರ ಸರಕಾರದ ನಿಯಮದಂತೆ 2023ರ ಏಪ್ರಿಲ್ 1ರಿಂದ, 15 ವರ್ಷ ತುಂಬಿದ ಸರಕಾರಿ ವಾಹನಗಳ ನೋಂದಣಿ ತಾನಾಗಿಯೇ ಮುಗಿದುಹೋಗುತ್ತದೆ. ಸಾರಿಗೆ ನಿಗಮಗಳ ಬಸ್ಸುಗಳೂ ಇದರಲ್ಲಿ ಸೇರಿವೆ. ಅವು ಹೋಗಬೇಕಾದದ್ದು ನೋಂದಾಯಿತ ಗುಜರಿ ಕೇಂದ್ರಕ್ಕೆ. ಅಂಥ ಬಸ್ಸನ್ನು ‘ಆರ್.ಸಿ. ಆಮೇಲೆ ಮಾಡಿಸಿಕೊಳ್ಳಬಹುದು’ ಎಂದು ಯಾರಾದರೂ ಮಾರಲು ಬಂದರೆ ಹಣ ಕೊಡದೆ ಹಿಂದಿರುಗುವುದೇ ಸರಿ. ಖಾಸಗಿ ಬಸ್ಸು, ಕಂಪನಿಯ ಬಸ್ಸು, ಶಾಲೆಯ ಬಸ್ಸುಗಳ ವಿಷಯ ಬೇರೆ, ಅವುಗಳ ಎಫ್.ಸಿ. ಎಲ್ಲಿಯವರೆಗೆ ಇದೆ, ರಸ್ತೆ ತೆರಿಗೆ ಬಾಕಿಯಿದೆಯೇ, ಸಾಲಕ್ಕೆ ಒತ್ತೆಯಿದೆಯೇ ಎಂಬುದನ್ನು ನೋಡಿ ಮುಂದುವರಿಯಬಹುದು.

ಕೊಂಡ ಬಸ್ಸಿನ ಸೀಟುಗಳನ್ನು ಕಿತ್ತು ಮಂಚ ಕೂರಿಸಿದ ಕೂಡಲೇ ಅದು ಕಾಗದದಲ್ಲಿರುವ ವಾಹನವಾಗಿ ಉಳಿಯುವುದಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ನಮೂದಿಸಿದ್ದಕ್ಕೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಕಲಮಿನ ಅರ್ಥವನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಸಂಚಾರಿ ಮನೆಗಳಿಗೆಂದೇ ‘ಎ.ಐ.ಎಸ್. 124’ ಎಂಬ ಪ್ರತ್ಯೇಕ ಮಾನದಂಡವಿದೆ. ಹಾಸಿಗೆ, ಮೇಜು, ಅಡುಗೆ, ಸಾಮಾನು ಇಡುವ ಸ್ಥಳ ಇವು ಹೇಗಿರಬೇಕೆಂಬುದನ್ನು ಅದು ಹೇಳುತ್ತದೆ. ಅಂದರೆ ದಾರಿ ಮುಚ್ಚಿಲ್ಲ. ಆದರೆ ಆ ದಾರಿ ಮನೆಯ ಹಿತ್ತಲಿನಿಂದ ಹೊರಡುವುದಿಲ್ಲ, ಸಾರಿಗೆ ಕಚೇರಿಯ ಬಾಗಿಲಿನಿಂದ ಹೊರಡುತ್ತದೆ. ಮೊದಲು ಲಿಖಿತ ಅನುಮತಿ, ಆಮೇಲೆ ಅಂಗೀಕೃತ ಬಾಡಿ ಕಟ್ಟುವವರಲ್ಲಿ ಕೆಲಸ, ಆಮೇಲೆ ತಪಾಸಣೆ ಮತ್ತು ಆರ್.ಸಿ.ಯಲ್ಲಿ ತಿದ್ದುಪಡಿ: ಈ ಕ್ರಮವನ್ನು ತಿರುಗಿಸಿದರೆ ಆಗುವ ನಷ್ಟ ದಂಡದ ಹಣಕ್ಕೇ ಮುಗಿಯುವುದಿಲ್ಲ. ಅಪಘಾತವಾದ ದಿನ, ಕಾಗದದಲ್ಲಿಲ್ಲದ ವಾಹನಕ್ಕೆ ನಾವು ಪರಿಹಾರ ಕೊಡಬೇಕಿಲ್ಲವೆಂದು ವಿಮಾ ಕಂಪನಿ ಹೇಳಲು ಆಸ್ಪದವಾಗುತ್ತದೆ.

ಈ ಕೆಲಸಕ್ಕೆ ನಾವು ಬಹಳ ದೂರ ಹೋಗಬೇಕಾಗಿಲ್ಲ. ನಮ್ಮ ಈರೋಡ್ ಜಿಲ್ಲೆಯ ನೆರೆಯ ಕರೂರು, ಬಸ್ ಬಾಡಿ ಕಟ್ಟುವುದಕ್ಕೆ ದಕ್ಷಿಣ ಭಾರತದಲ್ಲೆಲ್ಲ ಹೆಸರಾದ ಊರು. ಕರ್ನಾಟಕದ ಎಷ್ಟೋ ಖಾಸಗಿ ಬಸ್ಸುಗಳ ಬಾಡಿ ಅಲ್ಲಿಯದೇ. ಕಿತ್ತ ಸೀಟು, ಕಿಟಕಿಯ ಚೌಕಟ್ಟು, ಅಲ್ಯೂಮಿನಿಯಂ ತಗಡುಗಳನ್ನು ಮಾರುವ, ಕೊಳ್ಳುವ ಸಂಪರ್ಕವೂ ಅಂಥ ಊರುಗಳಲ್ಲಿ ಸಿಗುತ್ತದೆ.

ಇಲ್ಲಿ ಗಡಿಯ ಕನ್ನಡಿಗರಿಗೆ ಮಾತ್ರ ಸಂಬಂಧಿಸಿದ ಮಾತೊಂದನ್ನು ಸೇರಿಸಬೇಕು. ನಾವು ಕೊಳ್ಳುವ ಬಸ್ಸು ಚಾಮರಾಜನಗರದ್ದೋ ಮೈಸೂರಿನದೋ ಆಗಿದ್ದರೆ ಅದು ಬೇರೆ ರಾಜ್ಯದ ವಾಹನ. ಆ ಕಡೆಯ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ತರಬೇಕು, ಈ ಕಡೆ ಮರುನೋಂದಣಿ ಮಾಡಿಸಬೇಕು, ತಮಿಳುನಾಡಿನ ತೆರಿಗೆಯನ್ನು ಹೊಸದಾಗಿ ಕಟ್ಟಬೇಕು. ಮನೆಯಿಂದ ಒಂದು ಗಂಟೆಯೊಳಗೆ ತಲಪುವ ಊರಾದರೂ ಕಾಗದದಲ್ಲಿ ಅದು ದೂರವೇ. ಮಾರಾಟದ ಕರಾರು ತಮಿಳಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಇರುವುದು ಸಾಮಾನ್ಯ. ಕನ್ನಡ ಶಾಲೆಯಲ್ಲಿ ಕಲಿತ ತಂದೆತಾಯಿಯರು, ಓದಿಸಿ ಕೇಳಿ ಅರ್ಥವಾದ ಮೇಲೆಯೇ ಸಹಿ ಹಾಕಬೇಕು. ಈಗ ತಮಿಳನ್ನೂ ಶಾಲೆಯಲ್ಲಿ ಕಲಿಯುತ್ತಿರುವ ಮನೆಯ ಮಕ್ಕಳನ್ನೇ ಕೂರಿಸಿ ಓದಿಸಬಹುದು. ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ, ಬಾಕಿ ತೆರಿಗೆಯ ಸಾಲು ಈ ಮೂರನ್ನು ಬೆರಳಿಟ್ಟು ತೋರಿಸು ಎಂದರೆ ಒಂಬತ್ತನೆಯ ತರಗತಿಯ ಹುಡುಗಿ ತೋರಿಸಿಬಿಡುತ್ತಾಳೆ.

ಇನ್ನು ನಮ್ಮ ಘಾಟಿ. ಬಣ್ಣಾರಿಯಿಂದ ದಿಂಬಂವರೆಗೆ 27 ಹೇರ್‌ಪಿನ್ ತಿರುವುಗಳು. ಮದ್ರಾಸ್ ಉಚ್ಚ ನ್ಯಾಯಾಲಯದ ಆದೇಶದಿಂದಾಗಿ 2022ರ ಫೆಬ್ರವರಿಯಿಂದ ಅಲ್ಲಿ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಭಾರೀ ವಾಹನಗಳ ಸಂಚಾರಕ್ಕೆ ನಿರ್ಬಂಧವಿರುವುದನ್ನು ತರಕಾರಿ ಸಾಗಿಸುವ ನಮ್ಮ ರೈತರಿಗೆ ವಿವರಿಸಬೇಕಾಗಿಲ್ಲ. ಹೊತ್ತು ಮೀರಿದರೆ ದಾರಿಯ ಬದಿಯಲ್ಲೇ ಮಲಗಿದರಾಯಿತು ಎನ್ನುವ ಅನುಕೂಲ, ಸಂಚಾರಿ ಮನೆಯ ದೊಡ್ಡ ಆಕರ್ಷಣೆಯೆಂದು ಬೇರೆ ಕಡೆಯವರು ಹೇಳಬಹುದು. ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ನಡುವೆ ಅದು ಸಲ್ಲದು. ಕಾಡಿನ ದಾರಿಯಲ್ಲಿ ಬಂಡಿ ನಿಲ್ಲಿಸಿ ಅಡುಗೆ ಮಾಡುವುದಕ್ಕೆ ಅರಣ್ಯ ಇಲಾಖೆಯ ಒಪ್ಪಿಗೆಯಿಲ್ಲ. ಅದಕ್ಕಿಂತ ಹೆಚ್ಚಾಗಿ, ಆನೆಯ ಒಪ್ಪಿಗೆಯೂ ಇಲ್ಲ. ಕಾರಪಳ್ಳದ ಚೆಕ್‌ಪೋಸ್ಟಿನ ಬಳಿ ಕಬ್ಬಿನ ಲಾರಿಗಳನ್ನು ಅಡ್ಡಗಟ್ಟಿ ಕಬ್ಬು ಎಳೆದು ತಿನ್ನುವ ಆನೆಗಳನ್ನು ಎಲ್ಲರೂ ಕಂಡಿದ್ದೇವೆ. ಅಕ್ಕಿ, ಬೆಲ್ಲ, ಬಾಳೆಹಣ್ಣು, ಉಪ್ಪು ತುಂಬಿದ ತಗಡಿನ ಮನೆ ಅವುಗಳಿಗೆ ಎಷ್ಟು ಹೊತ್ತು ತಡೆದೀತು? ‘ಕರುಪ್ಪನ್’ ಎಂದು ಹೆಸರಾಗಿದ್ದ ಆನೆಯನ್ನು 2023ರಲ್ಲಿ ಮದ್ದು ಕೊಟ್ಟು ಹಿಡಿದು ಸಾಗಿಸುವವರೆಗೆ ತಾಳವಾಡಿಯ ಹೊಲಗಳಲ್ಲಿ ರಾತ್ರಿ ಕಾವಲು ಎಂಥದಾಗಿತ್ತೆಂಬುದು ಇಲ್ಲಿಯವರಿಗೆ ನೆನಪಿದೆ.

ದೊಡ್ಡ ಬಸ್ಸಿಗೆ ಇನ್ನೊಂದು ತೊಡಕೂ ಉಂಟು. ಅದನ್ನು ಓಡಿಸಲು ಹೆವಿ ಲೈಸೆನ್ಸ್ ಬೇಕು. ಕಾರಿನ ಲೈಸೆನ್ಸ್ ಸಾಲದು. ಡೀಸೆಲಿನ ಲೆಕ್ಕವನ್ನೂ ಹಾಕಿ ನೋಡೋಣ. ತಿಗನಾರೆಯಿಂದ ಚಾಮರಾಜನಗರ, ಕೊಳ್ಳೇಗಾಲದ ಮೇಲೆ ಮಾದಪ್ಪನ ಬೆಟ್ಟಕ್ಕೆ ಹೋಗಿಬರಲು ಸುಮಾರು 300 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಹಳೆಯ ದೊಡ್ಡ ಬಸ್ಸು ಲೀಟರಿಗೆ ನಾಲ್ಕೂವರೆ ಕಿಲೋಮೀಟರ್ ಕೊಟ್ಟರೆ 67 ಲೀಟರ್ ಬೇಕು. ಟೆಂಪೊ ಟ್ರಾವೆಲರಿನಂಥ ವಾಹನ 11 ಕೊಟ್ಟರೆ 27 ಲೀಟರ್ ಸಾಕು. ಹೋದ ಸಲವೆಲ್ಲ 40 ಲೀಟರ್ ಹೆಚ್ಚು. ಆರು ದೊಡ್ಡ ಟಯರುಗಳು, ಎಫ್.ಸಿ., ವಿಮೆ, ತೆರಿಗೆ ಅದರ ಮೇಲೆ. ವರ್ಷದಲ್ಲಿ ಹತ್ತು ದಿನ ಓಡಿ ಮುನ್ನೂರೈವತ್ತು ದಿನ ಹುಣಿಸೆಮರದ ಕೆಳಗೆ ನಿಲ್ಲುವ ಬಂಡಿಗೆ ಇಷ್ಟು ಸುರಿಯುವುದು ಸಾಮಾನ್ಯ ಸಂಸಾರಕ್ಕೆ ಸಾಧುವೆಂದು ನಾವು ಹೇಳಲಾರೆವು. ಅಮೆರಿಕದಲ್ಲಿ ಹಳದಿ ಶಾಲಾ ಬಸ್ಸುಗಳನ್ನು ಕೊಂಡು ಮನೆ ಮಾಡಿಕೊಂಡು ಅದರಲ್ಲೇ ವರ್ಷಗಟ್ಟಲೆ ವಾಸಿಸುವವರಿದ್ದಾರೆ. ಅವರಿಗೆ ಅದು ಮನೆ ಬಾಡಿಗೆಯ ಉಳಿತಾಯ. ನಮಗೆ ಊರಿನಲ್ಲಿ ಮನೆ ಇದ್ದೇ ಇದೆ.

ಓಡಲೇಬೇಕೆಂದರೆ ಚಿಕ್ಕ ವಾಹನ ಕೊಳ್ಳುವುದು, ಅದರ ಸೀಟು ಬಾಡಿಗಳನ್ನು ಮುಟ್ಟದಿರುವುದು, ಮಡಚುವ ಹಾಸಿಗೆ, ಎತ್ತಿಡುವ ಒಲೆಪೆಟ್ಟಿಗೆ, ಕ್ಯಾನಿನ ನೀರು ಇವನ್ನಿಟ್ಟುಕೊಂಡು ಇಳಿದಲ್ಲಿ ಬಿಚ್ಚಿಕೊಳ್ಳುವುದು ಉತ್ತಮ. ಇದು ನಮ್ಮ ಅಭಿಪ್ರಾಯ. ಒಪ್ಪದವರೂ ಇರಬಹುದು.

ನಿಲ್ಲುವ ಬಸ್ಸಾದರೆ

ಇಲ್ಲಿ ಚಿತ್ರ ಬದಲಾಗುತ್ತದೆ. ಎಂಜಿನ್ ಬೇಡ, ಟಯರಿನ ಸವೆತ ಲೆಕ್ಕಕ್ಕಿಲ್ಲ, ಲೈಸೆನ್ಸ್ ಬೇಡ, ತಿರುವುಗಳ ಭಯವಿಲ್ಲ. ಚಾಲಕನ ಹಿಂದಿನಿಂದ ಕೊನೆಯ ಸೀಟಿನವರೆಗೆ ದೊಡ್ಡ ಬಸ್ಸಿನ ಒಳಗೆ ಸುಮಾರು 28 ಅಡಿ ಉದ್ದ, ಏಳೂವರೆ ಅಡಿ ಅಗಲ ಸಿಗುತ್ತದೆ. ಅಂದರೆ 200 ಚದರ ಅಡಿಗೆ ಸ್ವಲ್ಪ ಮೇಲೆ. ಎರಡು ಕಡೆ ಕಿಟಕಿಗಳ ಸಾಲು. ಮಳೆ ತಡೆಯುವ ಛಾವಣಿ. ಗುಮಟಾಪುರದ ಗೊರೆ ಹಬ್ಬಕ್ಕೆ ಬರುವ ನೆಂಟರನ್ನು ಮಲಗಿಸಲು, ದೊಡ್ಡ ಮಕ್ಕಳು ಪರೀಕ್ಷೆಗೆ ಓದಿಕೊಳ್ಳಲು, ಹೊಲದ ಕೆಲಸದ ದಿನಗಳಲ್ಲಿ ತಂಗಲು ಇದಕ್ಕಿಂತ ಹೆಚ್ಚಿನದು ಬೇಕಾಗಿಲ್ಲ.

ಶಾಲೆಗಳಿಗೂ ಈ ಯೋಚನೆ ಹೊರತಲ್ಲ. 2022ರಲ್ಲಿ ತಿರುವನಂತಪುರದ ಮಣಕ್ಕಾಡಿನ ಸರಕಾರಿ ಶಾಲೆಯೊಂದಕ್ಕೆ ಕೇರಳದ ನಿಗಮವು ಹಳೆಯ ತಗ್ಗುನೆಲದ ಬಸ್ಸುಗಳನ್ನು ತರಗತಿ ಮಾಡಿಕೊಳ್ಳಲು ಕೊಟ್ಟಿತು. ಇನ್ನೂ ಹಿಂದಕ್ಕೆ ಹೋದರೆ, ನಮ್ಮ ತಮಿಳುನಾಡಿನ ಮನ್ನಾರ್ಗುಡಿಯಲ್ಲಿ 1931ರಲ್ಲಿ ಎತ್ತಿನ ಗಾಡಿಯ ಮೇಲೆ ಪುಸ್ತಕ ಹೇರಿ ಹಳ್ಳಿಗಳಿಗೆ ಒಯ್ಯುವ ಸಂಚಾರಿ ಗ್ರಂಥಾಲಯ ಶುರುವಾಗಿತ್ತು; ಗ್ರಂಥಾಲಯ ಶಾಸ್ತ್ರದ ಎಸ್. ಆರ್. ರಂಗನಾಥನ್ ಅವರ ಪ್ರೇರಣೆ ಅದರ ಹಿಂದಿತ್ತು. ಕನ್ನಡ ಪುಸ್ತಕಗಳನ್ನಿಟ್ಟು ಓದುವ ಕೋಣೆಯೊಂದು ಬೇಕೆನ್ನುವ ಊರುಗಳು ನಮ್ಮಲ್ಲಿ ಹಲವಿವೆ. ಅಂಥ ಕಡೆ ನಿಂತ ಬಸ್ಸೊಂದನ್ನು ಯೋಚಿಸಬಹುದು. ಶಾಲೆಯ ಆವರಣದಲ್ಲಾದರೆ ಶಾಲಾ ನಿರ್ವಹಣಾ ಸಮಿತಿಯ ನಿರ್ಣಯ ಹಾಗೂ ಶಿಕ್ಷಣ ಇಲಾಖೆಯ ಒಪ್ಪಿಗೆ ಮೊದಲು ಬೇಕು. ಬೇರೆ ಜಾಗವಾದರೆ ಪಂಚಾಯಿತಿಯನ್ನು ಕೇಳಿಕೊಳ್ಳಬೇಕು.

ನಿಲ್ಲುವ ಬಸ್ಸಿಗೂ ಕಾಗದ ತಪ್ಪಿದ್ದಲ್ಲ. ಓಡಿಸುವುದಿಲ್ಲವೆಂದು ಸುಮ್ಮನೆ ನಿಲ್ಲಿಸಿಬಿಟ್ಟರೆ ನೋಂದಣಿ ಜೀವಂತವಾಗಿಯೇ ಇದ್ದು, ತೆರಿಗೆಯ ಬಾಕಿ ವರ್ಷ ವರ್ಷ ಬೆಳೆಯುತ್ತದೆ. ಹಳೆಯ ಮಾಲೀಕರ ಹೆಸರಿನಲ್ಲಿರುವಾಗಲೇ ನೋಂದಣಿ ರದ್ದು ಮಾಡಿಸಿ, ರದ್ದತಿಯ ಪತ್ರದೊಡನೆ ಕೊಳ್ಳುವುದು ಕ್ಷೇಮ.

ಕೊಳ್ಳುವಾಗ ಬಣ್ಣವನ್ನು ನೋಡಬೇಡಿ, ಅಡಿಯನ್ನು ನೋಡಿ. ಮೆಟ್ಟಿಲ ಬಳಿ, ಚಕ್ರದ ಗೂಡಿನ ಸುತ್ತ, ಕಿಟಕಿಗಳ ಕೆಳಪಟ್ಟಿಯಲ್ಲಿ ಸ್ಕ್ರೂ ಡ್ರೈವರಿನಿಂದ ಒತ್ತಿದಾಗ ಒಳಕ್ಕೆ ಹೋದರೆ ಅಲ್ಲಿ ತಗಡಿಲ್ಲ, ತುಕ್ಕು ಮಾತ್ರ ಇದೆ. ಬಕೆಟುಗಟ್ಟಲೆ ನೀರನ್ನು ಛಾವಣಿಯ ಮೇಲೆ ಸುರಿದು ಒಳಗೆ ಕೂತು ನೋಡುವುದು ಹಳ್ಳಿಯ ಪರೀಕ್ಷೆಯಾದರೂ ಒಳ್ಳೆಯ ಪರೀಕ್ಷೆ. ಮನೆಗೆ ತಂದ ಮೇಲೆ ಟಯರುಗಳ ಮೇಲೆ ನಿಲ್ಲಿಸದೆ, ಚಾಸಿಯ ಕೆಳಗೆ ಕಲ್ಲು ಅಥವಾ ಕಾಂಕ್ರೀಟ್ ಕಂಬಗಳನ್ನು ಕೊಟ್ಟು, ನೀರು ನಿಲ್ಲದ ಎತ್ತರದ ಜಾಗದಲ್ಲಿ ಕೂರಿಸಬೇಕು. ಡೀಸೆಲ್ ಟ್ಯಾಂಕು, ಎಣ್ಣೆ, ಹಳೆಯ ಬ್ಯಾಟರಿಗಳನ್ನು ಕಳಚಿ ತೆಗೆದುಬಿಡಬೇಕು. ಮಕ್ಕಳು ಓಡಾಡುವ ಜಾಗದಲ್ಲಿ ಅವು ಇರಕೂಡದು.

ಬಿಸಿಲು ಮತ್ತು ಇಬ್ಬನಿ ಎರಡೂ ತಗಡಿನ ಮನೆಯ ವೈರಿಗಳು. ಛಾವಣಿಗೆ ಬಿಳಿಯ ಬಣ್ಣ ಬಳಿದು, ಮೇಲೆ ಒಂದಡಿ ಅಂತರ ಬಿಟ್ಟು ತೆಂಗಿನ ಗರಿಯ ಚಪ್ಪರವನ್ನೋ ತಗಡಿನ ಮಾಡನ್ನೋ ಹಾಕಿದರೆ ಒಳಗಿನ ತಾಪ ಬಹಳ ತಗ್ಗುತ್ತದೆ. ಒಳಗೋಡೆಗೆ ಥರ್ಮೋಕೋಲ್ ತುಂಬುವುದನ್ನು ಎಲ್ಲೆಲ್ಲೂ ತೋರಿಸುತ್ತಾರೆ. ಅಗ್ಗವೂ ಹೌದು. ಆದರೆ ಅದು ಬೇಗನೆ ಹೊತ್ತಿಕೊಂಡು ವಿಷದ ಹೊಗೆ ಬಿಡುತ್ತದೆ. ಮಲಗುವ ಜಾಗದಲ್ಲಿ ಅದನ್ನು ಬಳಸಬಾರದೆಂದು ನಾವು ಖಂಡಿತವಾಗಿ ಹೇಳುತ್ತೇವೆ. ಗಾಜುನಾರಿನ ಹಾಸನ್ನು ಪ್ಲೈವುಡ್ಡಿನ ಹಿಂದೆ ಮುಚ್ಚಿ ಕೂರಿಸುವುದು ಮೇಲು. ಚಳಿಗಾಲದ ರಾತ್ರಿ ನಾಲ್ಕು ಮಂದಿ ಮಲಗಿ ಉಸಿರಾಡಿದರೆ ತಣ್ಣನೆಯ ತಗಡಿನ ಒಳಮೈಯಲ್ಲಿ ಹನಿ ಕಟ್ಟಿ ಹಾಸಿಗೆ ತೇವವಾಗುತ್ತದೆ. ಆದ್ದರಿಂದ ಎದುರುಬದುರಿನ ಎರಡು ಕಿಟಕಿಗಳು ಎರಡು ಬೆರಳಷ್ಟು ಸದಾ ತೆರೆದಿರಬೇಕು.

ಪ್ಲೈವುಡ್ಡಿನ ವಿಷಯದಲ್ಲಿ ಬಡಗಿಗಳೊಡನೆ ಸ್ವಲ್ಪ ವಾದಿಸಬೇಕಾಗಬಹುದು. ಅವರು ಮನೆಗೆ ಹಾಕುವ 19 ಮಿಲಿಮೀಟರಿನ ಹಲಗೆಯನ್ನೇ ಹೇಳುತ್ತಾರೆ. ಎಂಟಡಿ ನಾಲ್ಕಡಿಯ ಅಂಥ ಒಂದು ಹಲಗೆ 35 ಕಿಲೋಗೂ ಮೇಲೆ ತೂಗುತ್ತದೆ. ಕಬ್ಬಿಣದ ಆಂಗಲ್ ಚೌಕಟ್ಟಿನ ಮೇಲೆ 12 ಮಿಲಿಮೀಟರಿನದು ಮಂಚಕ್ಕೆ ಸಾಕು, ಬೆಲೆಯೂ ಕಡಮೆ. ಬಸ್ಸಿನದೇ ಹಳೆಯ ಸೀಟುಗಳಲ್ಲಿ ನಾಲ್ಕೈದನ್ನು ಉಳಿಸಿಕೊಂಡು ಎದುರುಬದುರಾಗಿ ಕೂರಿಸಿ ನಡುವೆ ಮಡಚುವ ಮೇಜು ಹಾಕಿದರೆ ಓದುವ ಸ್ಥಳ ಸಿದ್ಧ.

ಬೆಳಕಿಗೆ ಎಷ್ಟು ಬೇಕು?

ಬಸ್ಸಿನ ವಿದ್ಯುತ್ತು 24 ವೋಲ್ಟಿನದು, 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸಾಲಾಗಿ ಕಟ್ಟಿದ್ದು. ಮನೆಯ ದೀಪಕ್ಕೆ ಅದನ್ನು ನೆಚ್ಚದೆ ಬೇರೆ ಏರ್ಪಾಟು ಮಾಡಿಕೊಳ್ಳಬೇಕು. ಇದು ಏಳನೆಯ ತರಗತಿಯ ಮಕ್ಕಳೂ ಹಾಕಬಹುದಾದ ಲೆಕ್ಕ. 9 ವ್ಯಾಟಿನ ನಾಲ್ಕು ದೀಪಗಳು ನಾಲ್ಕು ಗಂಟೆ ಉರಿದರೆ 144 ವ್ಯಾಟ್-ಗಂಟೆ. 30 ವ್ಯಾಟಿನ ಎರಡು ಫ್ಯಾನುಗಳು ಎಂಟು ಗಂಟೆ ತಿರುಗಿದರೆ 480. ಫೋನುಗಳ ಚಾರ್ಜಿಗೆ 40. ಒಟ್ಟು 664. ಮನೆಯ ಇನ್‌ವರ್ಟರಿಗೆ ಹಾಕುವ 12 ವೋಲ್ಟ್, 150 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 1800 ವ್ಯಾಟ್-ಗಂಟೆ ಇರುತ್ತದೆ. ಅದು ಬಾಳಿಕೆ ಬರಬೇಕಾದರೆ ಅರ್ಧಕ್ಕಿಂತ ಹೆಚ್ಚು ಇಳಿಸಬಾರದು, ಅಂದರೆ 900. ನಮ್ಮ ಖರ್ಚು ಅದರೊಳಗೇ ಇದೆ. 330 ವ್ಯಾಟಿನ ಒಂದು ಸೌರಫಲಕ ನಾಲ್ಕು ಗಂಟೆಯ ಒಳ್ಳೆಯ ಬಿಸಿಲಿನಲ್ಲಿ 1300ಕ್ಕೆ ಹತ್ತಿರ ಕೊಡಬೇಕು. ನಷ್ಟ ಕಳೆದು ಸಾವಿರ ಸಿಕ್ಕಿದರೂ ಸಾಲುತ್ತದೆ. ಒಂದು ಫಲಕ, ಒಂದು ಬ್ಯಾಟರಿ. ತಾಳವಾಡಿಯ ತಂಪಿನಲ್ಲಿ ವರ್ಷದ ಎಷ್ಟೋ ತಿಂಗಳು ಫ್ಯಾನೇ ಬೇಡ. ಏರ್ ಕಂಡೀಷನರ್ ಬೇಕೆಂದರೆ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಜಾಗ್ರತೆಯಿರಬೇಕಾದದ್ದು ತಂತಿಯಲ್ಲಿ. ತಗಡಿನ ಮೈಯಲ್ಲಿ ತಂತಿಯ ಸಿಪ್ಪೆ ಉಜ್ಜಿ ಹರಿದರೆ ಬಸ್ಸಿಡೀ ಶಾಕ್ ಹೊಡೆಯಬಹುದು, ಬೆಂಕಿಯೂ ಏಳಬಹುದು. ತಂತಿಗಳೆಲ್ಲ ಕೊಳವೆಯೊಳಗೆ ಹೋಗಬೇಕು, ಬ್ಯಾಟರಿಯ ಬುಡದಲ್ಲೇ ಫ್ಯೂಸ್ ಇರಬೇಕು. ಮನೆಯ 230 ವೋಲ್ಟಿನ ಕರೆಂಟನ್ನು ಒಳಗೆ ತಂದರಂತೂ ಚಾಸಿಗೆ ಅರ್ಥಿಂಗ್ ಮಾಡಿಸಿ, ಸೋರಿಕೆಯಾದ ಕೂಡಲೇ ಕಡಿದುಹಾಕುವ ಬ್ರೇಕರನ್ನು ಹಾಕಿಸದೆ ಸ್ವಿಚ್ಚು ಒತ್ತಬಾರದು. ಇಲ್ಲಿ ಉಳಿತಾಯ ಬೇಡ.

ನೀರಿಗೆ ಹೊರಗಿನ ನಲ್ಲಿ, ಒಳಗೆ ಮುಚ್ಚಳದ ಕ್ಯಾನು. ಓಡುವ ವಾಹನದವರು ಮಾತ್ರ ಒಂದು ಮಾತನ್ನು ನೆನಪಿಡಬೇಕು: ಒಂದು ಲೀಟರ್ ನೀರೆಂದರೆ ಒಂದು ಕಿಲೋ. ಆರು ಮಂದಿಗೆ, ಸ್ನಾನ ಬಿಟ್ಟು, ದಿನಕ್ಕೆ ತಲಾ 15 ಲೀಟರಿನಂತೆ ಎರಡು ದಿನಕ್ಕೆ 180 ಲೀಟರ್. ಇಷ್ಟನ್ನು ಸಿಂಟೆಕ್ಸ್ ತೊಟ್ಟಿಯಲ್ಲಿ ತುಂಬಿ ಛಾವಣಿಯ ಮೇಲಿಟ್ಟು ಘಾಟಿ ಇಳಿದರೆ, ತಿರುವಿನಲ್ಲಿ ಆ ತೂಕವೆಲ್ಲ ಒಂದು ಕಡೆಗೆ ನೂಕುತ್ತದೆ. ಭಾರ ಯಾವಾಗಲೂ ಕೆಳಗಿರಬೇಕು, ಎರಡು ಗಾಲಿಗಳ ಸಾಲಿನ ನಡುವೆ ಇರಬೇಕು.

ಒಲೆಯ ವಿಷಯದಲ್ಲಿ ಹಿರಿಯರ ಪದ್ಧತಿಯೇ ಸರಿ, ಹೊರಗೆ ಉರಿಸುವುದು. ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ಮೇಲಕ್ಕೆ ಹೋಗದೆ ಬಸ್ಸಿನ ನೆಲದಲ್ಲಿ ನೀರಿನಂತೆ ನಿಲ್ಲುತ್ತದೆ. ಮೇಲಿನ ಕಿಟಕಿ ತೆರೆದಿದ್ದರೂ ಪ್ರಯೋಜನವಿಲ್ಲ. ಸಿಲಿಂಡರನ್ನು ಬಸ್ಸಿನ ಹೊರಮೈಗೆ, ಕೆಳಗೆ ರಂಧ್ರವಿರುವ ಪೆಟ್ಟಿಗೆಯಲ್ಲಿ ಇಟ್ಟು, ಕೊಳವೆಯ ಬದಲು ಒಲೆಯನ್ನೇ ಹೊರಗೆ ತರುವುದು ಸುಲಭ. ಮಾರ್ಗಶಿರದ ಚಳಿಗೆ ಅಗ್ಗಿಷ್ಟಿಕೆಯ ಕೆಂಡವನ್ನು ಒಳಗಿಟ್ಟು ಬಾಗಿಲು ಹಾಕಿ ಮಲಗುವವರಿದ್ದಾರೆ. ಆ ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಜನರೇಟರಿಗೂ ಇದೇ ಮಾತು.

ಕೊನೆಯದಾಗಿ ಬಾಗಿಲು. ಬಸ್ಸುಗಳಿಗೆ ತುರ್ತು ದ್ವಾರವಿರುವುದು ಕಾನೂನಿನ ಒತ್ತಾಯದಿಂದ. ಮಂಚ ಕೂರಿಸುವವರು ಮೊದಲು ಮುಚ್ಚುವುದು ಅದನ್ನೇ, ಏಕೆಂದರೆ ಅದು ಒಳ್ಳೆಯ ಮೂಲೆಯಲ್ಲಿರುತ್ತದೆ. ಮುಚ್ಚಬೇಡಿ. ಅದರ ಕೀಲಿಗೆ ಎಣ್ಣೆ ಬಿಟ್ಟು, ಮಲಗುವ ಮಕ್ಕಳಲ್ಲಿ ಅತಿ ಚಿಕ್ಕವರನ್ನು ಕರೆದು, ದೀಪ ಆರಿಸಿ, ಒಳಗಿನಿಂದ ತೆರೆದು ಇಳಿಯಲು ಹೇಳಿ. ಕತ್ತಲೆಯಲ್ಲಿ ಕೈಗೆ ಹಿಡಿ ಎಟುಕದಿದ್ದರೆ ಹಿಡಿಯನ್ನು ಕೆಳಗಿಳಿಸಿ ಕೂರಿಸಬೇಕು. ಅದಾಗುವವರೆಗೆ ಹಾಸಿಗೆ ಹಾಸುವುದು ಬೇಡ.